ಕಂಬಿಯ ಆಚೆಯ ಬಂಡೆ

ಜಲಪಾತಕ್ಕೆ ಹೋಗುವವರಲ್ಲಿ ಅರ್ಧ ಜನ ನೀರನ್ನೇ ನೋಡುವುದಿಲ್ಲ. ನಮ್ಮ ಬೀದಿಯ ಟೈಲರ್ ಅಂಥವನೇ. ಅವನು ಹೋಗಿದ್ದು ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ.

ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಬಸ್ ಕಂಡಕ್ಟರ್. ಅವನು ಜಲಪಾತದ ಮುಂದೆ ಎದೆಯುಬ್ಬಿಸಿ ನಿಂತ ಫೋಟೋ ಅತ್ತೆಯ ಮನೆಯ ಟಿವಿಯ ಮೇಲೆ ನೇತಾಡುತ್ತಿತ್ತು. ನೀರು ಅವನ ಬೆನ್ನಿಗೇ ಬೀಳುವಂತಿತ್ತು. "ನಮ್ಮ ಚಿಕ್ಕ ಅಳಿಯ ಎಂಥ ಗಟ್ಟಿಗ ನೋಡಿ" ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು. ದೊಡ್ಡ ಅಳಿಯ ಹೊಲಿದುಕೊಟ್ಟ ರವಿಕೆ ತೊಟ್ಟುಕೊಂಡೇ ತೋರಿಸುತ್ತಿದ್ದರು! ಟೈಲರನಿಗೆ ಮೈಯೆಲ್ಲ ಉರಿ.

ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೊರಟೇಬಿಟ್ಟ. ಅಲ್ಲಿ ಗುಡ್ಡದೆತ್ತರದಿಂದ ನೀರು ಭೋರ್ಗರೆದು ಬೀಳುತ್ತಿತ್ತು. ಹನಿ ಹಾರಿ ಅಷ್ಟು ದೂರಕ್ಕೇ ಮುಖ ಒದ್ದೆ. ಇವನು ತಲೆ ಎತ್ತಲಿಲ್ಲ. ತಡೆಕಂಬಿಯ ಆಚೆ, ಷಡ್ಡಕ ನಿಂತಿರಬಹುದಾದ ಬಂಡೆ ಹುಡುಕುತ್ತಿದ್ದ.

"ಅವನು ನಿಂತಿದ್ದು ಅದೇ ಬಂಡೆ ಇರ್ಬೇಕು. ನಾನು ಅದಕ್ಕಿಂತ ಮುಂದಿನ ಬಂಡೆ ಮೇಲೆ ನಿಲ್ತೀನಿ. ನೀನು ಫೋಟೋ ತೆಗಿ."

"ರೀ, ಕಂಬಿ ದಾಟ್ಬೇಡಿ. ಪಾಚಿ ಕಟ್ಟಿದೆ."

"ನಿನ್ನ ತಂಗಿ ಗಂಡ ದಾಟಬಹುದು, ನಾನು ದಾಟಬಾರ್ದಾ?" ಎಂದವನೇ ದಾಟಿಬಿಟ್ಟ.

ಕಾವಲಿನ ಹೆಂಗಸು ಸೀಟಿ ಊದುತ್ತಾ ಓಡಿಬಂದಳು. "ಅಣ್ಣಾ, ಈಚೆ ಬನ್ನಿ!"

"ಸುಡು ಬಿಸಿಲಿದೆ, ಮಳೆಯೇ ಇಲ್ಲ. ಯಾಕಕ್ಕಾ ಹೆದರಿಸ್ತೀಯ?"

"ಮೇಲೆ ಕಾಡಲ್ಲಿ ಮಳೆ ಸುರಿದ್ರೆ ನಿಮಗೆ ಫೋನ್ ಮಾಡಿ ಹೇಳುತ್ತಾ? ನೀರು ನೋಡಿ. ಬೆಳಿಗ್ಗೆ ತಿಳಿಯಾಗಿತ್ತು, ಈಗ ಚಹಾ ಬಣ್ಣ. ಎಲೆ, ಕಡ್ಡಿ ತೇಲಿ ಬರ್ತಿವೆ. ಸದ್ದೂ ಜೋರಾಗಿದೆ. ನೀರು ಏರ್ತಿದೆ ಅಣ್ಣಾ!"

"ಒಂದೇ ನಿಮಿಷ. ಏಯ್, ತೆಗಿಯೇ ಫೋಟೋ!"

ಹೆಂಡತಿ ಫೋನನ್ನು ಚೀಲಕ್ಕೆ ತುರುಕಿದಳು. "ತೆಗಿಯಲ್ಲ. ನಿಮ್ಮ ಕೊನೇ ಫೋಟೋ ನಾನೇ ತೆಗೆದೆ ಅಂತ ನಾನು ಬದುಕ್ಬೇಕಾ?"

ಆ ಮಾತಿಗೆ ಅವನು ತಿರುಗಿದ. ತಿರುಗಿದ್ದೇ ಕಾಲು ಜಾರಿತು. ಅವನಿನ್ನೂ ಕಂಬಿಯ ಪಕ್ಕದಲ್ಲೇ ಇದ್ದ; ಒಳಗಿನಿಂದಲೇ ಇಬ್ಬರೂ ಕಾಲರ್ ಹಿಡಿದು ಎಳೆದರು. ಅವನೇ ಹೊಲಿದ ಅಂಗಿ, ಪುಣ್ಯಕ್ಕೆ ಹೊಲಿಗೆ ಬಿಡಲಿಲ್ಲ. ಹತ್ತು ನಿಮಿಷದಲ್ಲಿ ಅವನು ಬಯಸಿದ್ದ ಬಂಡೆ ಕೆಂಪು ನೀರಿನಡಿ ಕಾಣದಾಯಿತು.

ಟೈಲರ್ ಕಂಬಿಯ ಈಚೆ ಅದನ್ನೇ ಗಟ್ಟಿಯಾಗಿ ಹಿಡಿದು ಕೂತಿದ್ದ. ಆದರೂ ಕೇಳಿದ: "ಹಾಗಾದ್ರೆ ಆ ಕಂಡಕ್ಟರ್ ಹೇಗೆ ನಿಂತ?"

ಹೆಂಡತಿ ಫೋನಿನಲ್ಲಿದ್ದ ಆ ಫೋಟೋ ತೋರಿಸಿದಳು. ಕಾವಲಿನವಳು ನಕ್ಕಳು. "ಅಯ್ಯೋ, ಇವ್ರು ಕಂಬಿ ದಾಟೇ ಇಲ್ಲ! ಮೊಣಕೈ ಹಿಂದೆ ನೀಲಿ ಕಂಬಿ ಕಾಣಲ್ವಾ? ದೂರದಿಂದ ಜೂಮ್ ಮಾಡಿ ತೆಗ್ದಿದಾರೆ. ಅದಕ್ಕೇ ನೀರು ಬೆನ್ನ ಹತ್ರ ಕಾಣುತ್ತೆ."

ನೂರು ಸಲ ಉರಿದುಕೊಂಡು ನೋಡಿದ್ದ ಫೋಟೋ. ಕಂಬಿ ಒಂದು ಸಲವೂ ಕಂಡಿರಲಿಲ್ಲ.

ಆಗ ಅವನು ತಲೆ ಎತ್ತಿದ. "ಅಬ್ಬಾ! ಇಷ್ಟು ದೊಡ್ಡದಾ ಇದು?"

"ಈಗ ಕಾಣಿಸ್ತಾ?" ಎಂದಳು ಹೆಂಡತಿ.

ನೀವೂ ಹೋಗಿ, ಕಣ್ತುಂಬ ನೋಡಿ. ನೀರು ಕದಡಿದರೆ, ಕಸಕಡ್ಡಿ ತೇಲಿದರೆ, ಸದ್ದು ಹೆಚ್ಚಿದರೆ ತಕ್ಷಣ ಮೇಲೆ ಬನ್ನಿ. ಪಾಚಿಯ ಮೇಲೆ ಕಾಲಿಡಬೇಡಿ. ಸೀಟಿ ಕೇಳಿದರೆ ವಾದ ಬೇಡ. ಇನ್ನು ಹೊಟ್ಟೆಕಿಚ್ಚು, ಅದನ್ನು ಬಿಡಿ ಎಂದರೆ ನೀವು ಬಿಡುವವರಲ್ಲ. ಪಡಿ, ಎಷ್ಟು ಬೇಕಾದರೂ ಪಡಿ. ಕಂಬಿಯ ಈಚೆ ನಿಂತು ಪಡಿ.