ಹನ್ನೊಂದು ಗಂಟೆಯ ಮಗ್ಗುಲು

“ಕೈ ಎತ್ತು. ಇನ್ನೂ ಮೇಲೆ. ಥೂ, ಏನ್ ಉಚ್ಚೆ ನಾತ ಮುಂಡೇದೆ ನಿನ್ ಮೈ!”

ಮ್ಯಾನೇಜರ್ ಒಂದು ಕೈಯಲ್ಲಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಕಕ್ಕಸಿಗೆ ಹೊಡೆಯುವ ಸೆಂಟಿನ ಡಬ್ಬಿ ಹಿಡಿದು, ಪಿನ್ನಕ್ಕನ ಕಂಕುಳಿಗೆ, ಬೆನ್ನಿಗೆ, ಸೀರೆಯ ನೆರಿಗೆಗೆ ಬುಸ್ಸೆಂದು ಹೊಡೆದ. ಡಬ್ಬಿಯ ಮೇಲೆ ಹೂವಿನ ಚಿತ್ರವಿತ್ತು. ಪಿನ್ನಕ್ಕ ಕಣ್ಣು ಮುಚ್ಚಿಕೊಂಡು ನಿಂತಳು.

“ಉಚ್ಚೆ ನಂದಲ್ಲ ಸಾರ್,” ಎಂದಳು. “ಹದಿನೆಂಟು ಜನರದ್ದು.”

“ಹದಿನಾರು! ಹದಿನಾರು ಅಂತ ಎಷ್ಟು ಸಲ ಬಡ್ಕೊಳ್ಲಿ? ಅಧಿಕಾರಿ ಮುಂದೆ ಬಾಯಿ ತಪ್ಪಿ ಹದಿನೆಂಟು ಅಂದ್ಯೋ, ನೀನೂ ನಿನ್ ನಾದಿನೀನೂ ಇವತ್ತೇ ಗಂಟುಮೂಟೆ ಕಟ್ಟಿ.”

ಹಾಸಿಗೆ ಹಿಡಿದ ಮುದುಕರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆ ಮನೆಗೆ ಸರ್ಕಾರ ಕೊಟ್ಟಿದ್ದ ಪರವಾನಗಿ ಹದಿನಾರು ಮಂಚಕ್ಕೆ. ಹಗಲೂ ರಾತ್ರಿಯೂ ಒಬ್ಬ ನರ್ಸು ಇರಲೇಬೇಕೆಂದು ಅದೇ ಕಾಗದದಲ್ಲಿತ್ತು. ಇದ್ದೊಬ್ಬ ನರ್ಸು ಮೂರು ತಿಂಗಳ ಹಿಂದೆ ಬಿಟ್ಟುಹೋಗಿದ್ದಳು. ಹೋಗುವಾಗ ಬಿಳಿ ಕೋಟನ್ನು ಗೂಟಕ್ಕೆ ನೇತುಹಾಕಿ, ಹುಣ್ಣಿಗೆ ಹಚ್ಚುವ ಮುಲಾಮಿನ ಅರ್ಧ ಟ್ಯೂಬನ್ನು ಪಿನ್ನಕ್ಕನ ಮುಷ್ಟಿಯೊಳಗೆ ಇಟ್ಟು, “ಯಾರಿಗೂ ಹೇಳ್ಬೇಡ, ಟೀಚರಮ್ಮಂಗೆ ಮಾತ್ರ ಹಚ್ಚು” ಅಂದಿದ್ದಳು. ಅಂದಿನಿಂದ ಎಲ್ಲವನ್ನೂ ಪಿನ್ನಕ್ಕ, ಅವಳ ನಾದಿನಿ, ಇಬ್ಬರೇ ಆಯಾಗಳು ನೋಡಿಕೊಳ್ಳುತ್ತಿದ್ದರು. ಇವತ್ತು ತಪಾಸಣೆ. ಪಿನ್ನಕ್ಕ ಆ ಕೋಟು ತೊಟ್ಟು ನರ್ಸಾಗಬೇಕಾಗಿತ್ತು.

ಕೋಟು ತೆಳ್ಳಗಿನ ಹುಡುಗಿಯದು. ಮೂವತ್ತು ವರ್ಷ ಮಂದಿಯನ್ನು ಎತ್ತಿ ಇಳಿಸಿದ ಪಿನ್ನಕ್ಕನ ತೋಳು ಅದರಲ್ಲಿ ತೂರಿತು. ಎದೆಯ ಗುಂಡಿಗಳು ಮಾತ್ರ ಒಂದಕ್ಕೊಂದು ಮುಖ ನೋಡಲಿಲ್ಲ.

“ಅದಕ್ಕೆ ಪಿನ್ನು ಹಾಕು. ಬೇಕಾದಷ್ಟಿದೆಯಲ್ಲ ನಿನ್ನ ಹತ್ರ,” ಎಂದು ಮ್ಯಾನೇಜರ್ ಮೇಜಿನ ಮೇಲೆ ಒಂದು ಹಿಡಿ ಪಿನ್ನು ಸುರಿದ.

ಪಿನ್ನಕ್ಕ ಒಂದನ್ನು ಎತ್ತಿ ನೋಡಿದಳು. ಅವು ಹಾಸಿಗೆಗಳ ಪಿನ್ನುಗಳು.

ಅವಳಿಗೆ ಆ ಹೆಸರು ಬಂದದ್ದೇ ಅವುಗಳಿಂದ. ಮಗ್ಗುಲು ಬದಲಿಸಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲದಿದ್ದರೆ ಮೂಳೆ ಒತ್ತಿದಲ್ಲಿ ಚರ್ಮ ಕೆಂಪಾಗಿ, ಕಪ್ಪಾಗಿ, ಕೊಳೆತು ಹುಣ್ಣಾಗುತ್ತದೆ. ಅಕ್ಷರ ಬಾರದ ಪಿನ್ನಕ್ಕ ತನ್ನದೇ ಲೆಕ್ಕ ಕಟ್ಟಿಕೊಂಡಿದ್ದಳು. ಎಡಕ್ಕೆ ಹೊರಳಿಸಿದರೆ ಹೊದಿಕೆಯ ಎಡ ಅಂಚಿಗೊಂದು ಪಿನ್ನು, ಬಲಕ್ಕೆ ಹೊರಳಿಸಿದರೆ ಬಲ ಅಂಚಿಗೆ. ರಾತ್ರಿ ಪಾಳಿ ಮುಗಿಸಿ ಹೋದ ನಾದಿನಿ ಏನೂ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಯಾರಿಗೆ ಯಾವ ಮಗ್ಗುಲ ಸರದಿ ಎಂಬುದು ತಿಳಿಯುತ್ತಿತ್ತು.

“ಅದ್ಯಾಕೆ ಕಿತ್ರಿ ಸಾರ್?”

“ಚೂಪಾದ ವಸ್ತು ಹಾಸಿಗೆ ಹತ್ರ ಇರಬಾರದು. ಸೇಫ್ಟಿ ಅಂತಾರೆ ಅದಕ್ಕೆ. ನಿಂಗೇನ್ ಗೊತ್ತಾಗುತ್ತೆ?”

“ಅದರ ಹೆಸರೇ ಸೇಫ್ಟಿ ಪಿನ್ನು ಸಾರ್.”

ಮ್ಯಾನೇಜರನಿಗೆ ನಗು ಬರಲಿಲ್ಲ. ಮಂಚಮಂಚಕ್ಕೂ ಹೊಸ ಚಾರ್ಟು ತೂಗುಹಾಕಲು ಹೊರಟ. ಎರಡು ಗಂಟೆಗೊಂದರಂತೆ ಅಂಕಿ ಹಾಕಿದ ಮನೆಗಳು, ಒಂದೊಂದರಲ್ಲೂ ಎಡಕ್ಕೆ ‘ಎ’, ಬಲಕ್ಕೆ ‘ಬ’, ಪಕ್ಕದಲ್ಲೊಂದು ಸರಿ ಗುರುತು. ಎಲ್ಲವನ್ನೂ ಹಿಂದಿನ ದಿನವೇ ಆಫೀಸಿನಲ್ಲಿ ಕೂತು ಒಂದೇ ಪೆನ್ನಿನಿಂದ ತುಂಬಿದ್ದ.

ಏಳನೆಯ ಮಂಚದಲ್ಲಿ ಟೀಚರಮ್ಮ ಇದ್ದರು. ಒಂದು ಕಾಲಕ್ಕೆ ಲೆಕ್ಕದ ಟೀಚರು. ಲಕ್ವ ಹೊಡೆದು ಬಲ ಮೈ ಬಿದ್ದುಹೋಗಿ, ಮಾತು ನಿಂತು, ಎಡಗೈಯೊಂದೇ ಅವರು ಹೇಳಿದಂತೆ ಕೇಳುತ್ತಿತ್ತು. ಆ ಕೈಯ ತೋರುಬೆರಳಿನಿಂದ ಪಿನ್ನಕ್ಕನ ಅಂಗೈ ಮೇಲೆ ಒಂದು, ಎರಡು, ಮೂರು ಎಂದು ಬರೆದು, ಗೋಡೆ ಗಡಿಯಾರ ತೋರಿಸಿ, ಅವಳಿಗೆ ಅಂಕಿ ಕಲಿಸಿದ್ದರು. ಎಂದಾದರೂ ಪಿನ್ನಕ್ಕ ಮಂಚದ ಪಕ್ಕ ಕೂತಲ್ಲೇ ತೂಕಡಿಸಿದರೆ ಜಾರಿದ ಸೆರಗನ್ನು ಅದೇ ಕೈಯಿಂದ ಹೆಗಲ ಮೇಲೆ ಎಳೆದು ಹೊದಿಸುತ್ತಿದ್ದರು. ಅವರ ಸೊಂಟದ ಕೆಳಗಿನ ಹುಣ್ಣು ನರ್ಸು ಹೋದಾಗ ಮುಷ್ಟಿ ಹಿಡಿಸುವಷ್ಟಿತ್ತು. ಬೆನ್ನಿಗೆ ಭಾರ ಬೀಳದಂತೆ ಎಡ, ಬಲ, ಎಡ, ಬಲ ಹೊರಳಿಸುತ್ತ, ಮುಲಾಮನ್ನು ಬೆರಳ ತುದಿಯಷ್ಟೇ ತೆಗೆದು ಹಚ್ಚುತ್ತ, ಆಯಾಗಳಿಬ್ಬರೂ ಅದನ್ನು ಹುಣಸೆ ಬೀಜದಷ್ಟಕ್ಕೆ ತಂದಿದ್ದರು.

ಇವತ್ತು ಬೆಳಿಗ್ಗೆ ಏಳಕ್ಕೆ ಮ್ಯಾನೇಜರ್ ಬಂದವನೇ ಟೀಚರಮ್ಮನನ್ನು ಅಂಗಾತ ಮಲಗಿಸಿದ್ದ. ಹುಣ್ಣಿನ ಪಟ್ಟಿ ಕಾಣಬಾರದು, ವಾಸನೆ ಬರಬಾರದು, ಕುತ್ತಿಗೆಯವರೆಗೆ ಹೊದಿಕೆ.

“ಒಂಬತ್ತಾಯ್ತು ಸಾರ್,” ಎಂದಳು ಪಿನ್ನಕ್ಕ, ಕೊನೆಯ ಪಿನ್ನನ್ನು ಕೋಟಿಗೆ ಚುಚ್ಚುತ್ತ. “ಟೀಚರಮ್ಮನ್ನ ಹೊರಳಿಸ್ಬೇಕು.”

“ಮುಟ್ಟಬೇಡ. ಹಾಸಿಗೆ ಸುಕ್ಕಾಗುತ್ತೆ.”

“ಹುಣ್ಣು ಬಾಯಿ ಬಿಡುತ್ತೆ ಸಾರ್. ಮೂರು ತಿಂಗಳು...”

“ಒಂದು ದಿನ ಮಲಗಿದ್ರೆ ಸಾಯಲ್ಲ. ಸತ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ? ಮಗ್ಗುಲ ಮುಳ್ಳು ಕಣೆ ನೀನು. ನಡಿ, ಆ ಇಬ್ಬರನ್ನ ಬಟ್ಟೆ ಕೋಣೆಗೆ ಸಾಗಿಸು.”

ಆ ಇಬ್ಬರು ಹದಿನಾರಕ್ಕಿಂತ ಹೆಚ್ಚಿನವರು: ನೆಲದ ಮೇಲಿನ ಹಾಸಿಗೆಯ ಟೈಲರ್ ತಾತ, ಗುಂಡಜ್ಜಿ. ಕೊಳೆ ಬಟ್ಟೆ ಗುಡ್ಡೆ ಹಾಕುವ ಕೋಣೆಗೆ ಕಿಟಕಿ ಇರಲಿಲ್ಲ. ಬ್ಲೀಚಿನ ಘಾಟಿಗೆ ತಾತ ಕೆಮ್ಮಿದ. ನಾದಿನಿ ಬಟ್ಟೆ ಮೂಟೆಗಳನ್ನು ಒತ್ತಟ್ಟಿಗೆ ತಳ್ಳಿ ಜಾಗ ಮಾಡಿದಳು. ರಾತ್ರಿ ಪಾಳಿ ಮಾಡಿಯೂ ಅವಳು ಮನೆಗೆ ಹೋಗಿರಲಿಲ್ಲ. ಇಬ್ಬರನ್ನು ಸದ್ದಿಲ್ಲದಂತೆ ಇಟ್ಟುಕೊಳ್ಳುವುದು ಅವಳ ಕೆಲಸ.

“ಅತ್ತಿಗೆ, ನಿಂಗೆ ಕೈ ಮುಗೀತೀನಿ, ಏನೂ ಬಾಯಿ ಬಿಡ್ಬೇಡ,” ಎಂದಳು ಪಿಸುದನಿಯಲ್ಲಿ. ಅವಳಿಗೆ ನೆರಳು ಕಂಡರೂ ಹೆದರಿಕೆ. “ಅಣ್ಣ ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದ ಮೇಲೆ ನಮ್ಮಿಬ್ಬರದೇ ದುಡಿಮೆ. ಇಬ್ಬರದೂ ಒಂದೇ ದಿನ ಹೋದ್ರೆ?”

“ಆಯ್ತು ಮಾರಾಯ್ತಿ. ನಾನೀಗ ಸಿಸ್ಟರು. ನಗ್ತಾ ನಿಂತ್ಕೊಳ್ಳೋದೇ ಕೆಲಸ.”

“ಕೋಟು ಚೆನ್ನಾಗಿದೆ ಅತ್ತಿಗೆ. ಉಸಿರಾಡ್ಬೇಡ ಅಷ್ಟೆ, ಪಿನ್ನು ಹಾರಿ ಯಾರ ಕಣ್ಣಿಗಾದ್ರೂ ಬಿದ್ದೀತು.”

ಗುಂಡಜ್ಜಿಗೆ ಏನು ಅರ್ಥವಾಯಿತೋ, ಅವಳೂ ನಕ್ಕಳು. ಪಿನ್ನಕ್ಕ ತನ್ನ ಚಹಾಕ್ಕೆಂದು ಎತ್ತಿಟ್ಟಿದ್ದ ಎರಡು ಬಿಸ್ಕತ್ತನ್ನು ಅವಳ ಮಡಿಲಿಗೆ ಹಾಕಿ ಹೊರಬಂದಳು. ಮ್ಯಾನೇಜರ್ ಹೊರಗಿನಿಂದ ಚಿಲಕ ಹಾಕಿದ.

“ಒಳಗೆ ಜನ ಇದಾರೆ ಸಾರ್.”

“ಇಲ್ಲ. ಬಟ್ಟೆ ಇದೆ.”

ಹತ್ತೂವರೆಗೆ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಅಂದು ಬೆಳಿಗ್ಗೆಯೇ ಇಂಥ ಇನ್ನೆರಡು ಮನೆ ಸುತ್ತಿ ಬಂದಿದ್ದರಂತೆ. ಆಫೀಸಿನ ಕುರ್ಚಿಯಲ್ಲಿ ಕೂತ ಕೂಡಲೆ ಮೇಜಿನ ಕೆಳಗೆ ಚಪ್ಪಲಿ ಕಳಚಿದರು. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯ ಗುರುತು ಬಿದ್ದಿತ್ತು. ಪಿನ್ನಕ್ಕ ಒಂದು ಸಣ್ಣ ಸ್ಟೂಲನ್ನು ಕಾಲಿನಿಂದಲೇ ಮೆಲ್ಲಗೆ ಅತ್ತ ಸರಿಸಿದಳು. ಅವರು ಕಾಲು ಮೇಲಿಟ್ಟುಕೊಂಡು, ತಲೆ ಎತ್ತಿ ಅವಳನ್ನು ನೋಡಿ, “ದೇವರು ಒಳ್ಳೇದು ಮಾಡ್ಲಿ ನಿಮಗೆ” ಎಂದರು. ಯಾರೂ ಪಿನ್ನಕ್ಕನಿಗೆ ಆ ಮನೆಯಲ್ಲಿ ‘ನಿಮಗೆ’ ಎಂದಿರಲಿಲ್ಲ.

ತಪಾಸಣೆಯ ಪಟ್ಟಿ ಓದುವುದು ಶುರುವಾಯಿತು.

“ತುರ್ತು ಬಾಗಿಲು?”

“ಇದೆ ಮೇಡಂ.” ಅದರ ಮುಂದೆ ಹಳೆಯ ಮಂಚಗಳನ್ನು ಜೋಡಿಸಿಟ್ಟಿದ್ದರು. ಅವರು ಗುರುತು ಹಾಕಿದರು.

“ಬೆಂಕಿ ಆರಿಸೋ ಸಿಲಿಂಡರ್?”

“ಎರಡಿದೆ ಮೇಡಂ.” ಗುರುತು.

“ನರ್ಸು?”

“ಇಲ್ಲೇ ನಿಂತಿದಾರಲ್ಲ! ಬಹಳ ಅನುಭವ.”

“ಹಾಸಿಗೆ ಹುಣ್ಣು ಎಷ್ಟು ಜನಕ್ಕಿದೆ ಸಿಸ್ಟರ್?”

ಮ್ಯಾನೇಜರ್ ಕೆಮ್ಮಿದ. ನಾದಿನಿಯ ಮುಗಿದ ಕೈ ಪಿನ್ನಕ್ಕನ ಕಣ್ಣ ಮುಂದೆ ಬಂತು.

“ಯಾರಿಗೂ ಇಲ್ಲ,” ಎಂದಳು.

ಅವರು ಅದಕ್ಕೂ ಗುರುತು ಹಾಕಿದರು. ಆ ಪೆನ್ನಿನ ಕರ್ ಎಂಬ ಸದ್ದು ತನ್ನ ಬೆನ್ನ ಮೇಲೆಯೇ ಎಳೆದಂತೆ ಕೇಳಿತು ಪಿನ್ನಕ್ಕನಿಗೆ.

ಕೊನೆಗೆ “ಒಂದು ಸುತ್ತು ಹಾಕಿಬಿಡೋಣ” ಎಂದು ಅಧಿಕಾರಿ ಚಪ್ಪಲಿ ಮೆಟ್ಟಿ ಎದ್ದರು. ವಾರ್ಡಿನಲ್ಲಿ ಹದಿನಾರು ಹೊದಿಕೆಗಳು ಗೀಟು ಎಳೆದಂತೆ ನೇರವಾಗಿದ್ದವು. ಹದಿನಾರು ಮಂದಿಯೂ ಅಂಗಾತ. “ಅಚ್ಚುಕಟ್ಟಾಗಿದೆ,” ಎಂದರು ಅವರು, ನಡೆಯುತ್ತಲೇ.

ಏಳನೆಯ ಮಂಚ ದಾಟುವಾಗ ಪಿನ್ನಕ್ಕನ ಕೋಟಿನ ಅಂಚನ್ನು ಯಾರೋ ಹಿಡಿದೆಳೆದರು. ಟೀಚರಮ್ಮನ ಎಡಗೈ. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ತುಟಿ ಕಚ್ಚಿಕೊಂಡಿದ್ದರು. ಪಿನ್ನಕ್ಕ ಬಗ್ಗಿದಳು. ಆ ತೋರುಬೆರಳು ಅವಳ ಅಂಗೈ ಮೇಲೆ ಒಂದು ಗೀಟೆಳೆಯಿತು. ಅದರ ಪಕ್ಕ ಇನ್ನೊಂದು.

ಹನ್ನೊಂದು.

ಪಿನ್ನಕ್ಕ ಗೋಡೆ ಗಡಿಯಾರ ನೋಡಿದಳು. ಹನ್ನೊಂದು ದಾಟಿ ಹತ್ತು ನಿಮಿಷ. ಏಳರಿಂದ ಬೆನ್ನ ಮೇಲೆ. ಆಮೇಲೆ ಮಂಚದ ಕಾಲದೆಸೆಯಲ್ಲಿ ತೂಗುತ್ತಿದ್ದ ಚಾರ್ಟು ನೋಡಿದಳು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತಲ್ಲ.

“ಅಮ್ಮಾ,” ಎಂದಳು.

ಬಾಗಿಲವರೆಗೆ ಹೋಗಿದ್ದ ಅಧಿಕಾರಿ ತಿರುಗಿದರು.

“ನಂಗೆ ಓದಕ್ಕೆ ಬರಲ್ಲ. ಇದ್ರಲ್ಲಿ ಹನ್ನೊಂದರ ಮನೇಲಿ ಏನ್ ಬರ್ದಿದೆ, ಸ್ವಲ್ಪ ಹೇಳ್ತೀರಾ?”

“ಸಿಸ್ಟರ್, ಏನ್ ತಮಾಷೆ!” ಮ್ಯಾನೇಜರ್ ಹಲ್ಲು ಕಿರಿದ. “ಬನ್ನಿ ಮೇಡಂ, ಕಾಫಿ ಆರಿಹೋಗುತ್ತೆ.”

ಅಧಿಕಾರಿ ಬರಲಿಲ್ಲ. ಮಂಚದ ಬಳಿಗೆ ಮರಳಿ, ಕನ್ನಡಕ ಏರಿಸಿ ಚಾರ್ಟು ನೋಡಿದರು. “ಎಡ ಮಗ್ಗುಲು ಅಂತಿದೆ.”

“ಅವರು ಅಂಗಾತ ಮಲಗವ್ರೆ, ನೋಡಿ. ಒಂದು ಗಂಟೆ ಮನೇಲಿ?”

“ಬಲ ಮಗ್ಗುಲು. ಗುರುತು...” ಅವರ ಬೆರಳು ಮೂರಕ್ಕೆ ಹೋಯಿತು, ಐದಕ್ಕೆ ಹೋಯಿತು, ಕೊನೆಯ ಮನೆಗೆ ಹೋಯಿತು. “ನಾಳೆ ಬೆಳಗಿನದಕ್ಕೂ ಗುರುತು ಬಿದ್ದಿದೆ.”

“ನಾಳೆ ಬೆಳಿಗ್ಗೆ ಹೊರಳಿಸಿದ್ದು ನಾನಲ್ಲ ಅಮ್ಮಾ. ನಾನು ಆಯಾ. ಈ ಕೋಟು ಬಿಟ್ಟುಹೋದವಳದು.”

“ಲೇ ಬೇವರ್ಸಿ!” ಮ್ಯಾನೇಜರ್ ಮುನ್ನುಗ್ಗಿ ಅವಳ ರಟ್ಟೆ ಹಿಡಿದ. “ತಲೆ ಕೆಟ್ಟಿದೆ ಮೇಡಂ ಇವಳಿಗೆ. ಕುಡೀತಾಳೆ. ಕೆಲಸದಿಂದ ತೆಗೀಬೇಕು ಅಂತಾನೇ ಇದ್ದೆ.”

ಪಿನ್ನಕ್ಕ ಕೈ ಕೊಡವಿದಳು. ಎದೆಯ ಮೇಲಿನ ಪಿನ್ನೊಂದು ಬಿಚ್ಚಿ ಅವನ ಬೆರಳಿಗೆ ಚುಚ್ಚಿತು. ಅವನು ಅಯ್ಯೋ ಎಂದು ಬೆರಳು ಬಾಯಿಗಿಟ್ಟುಕೊಂಡ.

“ಬೇವರ್ಸಿ ಅಂತ ಬೈದ್ರಿ, ಉಚ್ಚೆ ಮುಂಡೆ ಅಂತ ಬೈದ್ರಿ, ನುಂಗ್ಕೊಂಡೆ,” ಎಂದಳು. ಅವಳ ದನಿ ಏರಿರಲಿಲ್ಲ. “ಈಗ ತಾನೆ ಇವರ ಮುಂದೆ ಹುಣ್ಣು ಇಲ್ಲ ಅಂತ ನನ್ನ ಬಾಯಲ್ಲೇ ಹೇಳಿದೆ. ಅದೊಂದು ನುಂಗಕ್ಕೆ ಆಗ್ತಿಲ್ಲ ಸಾರ್.” ಅಧಿಕಾರಿಯ ಕಡೆ ತಿರುಗಿದಳು. “ಹುಣ್ಣು ಉಜ್ಜದಂಗೆ ಇವರನ್ನ ಹೊರಳಿಸಕ್ಕೆ ಇವತ್ತು ಇಬ್ಬರು ಬೇಕು. ಇನ್ನೊಬ್ಬಳು ಇಲ್ಲಿಲ್ಲ. ಒಂದು ಕೈ ಕೊಡಿ ಅಮ್ಮಾ.”

ಅಧಿಕಾರಿ ತಮ್ಮ ಕೈಯಲ್ಲಿದ್ದ ಕಡತವನ್ನು ನೋಡಿದರು. ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಟೀಚರಮ್ಮನ ಕಾಲ ಬಳಿ ಇಟ್ಟರು.

ಪಿನ್ನಕ್ಕ ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. “ಟೀಚರಮ್ಮ, ಎಡಕ್ಕೆ ಹೋಗೋಣ. ಒಂದು, ಎರಡು...” ಮೂರು ಎನ್ನುವಾಗ ಇಬ್ಬರೂ ಎತ್ತಿದರು. ಹೊದಿಕೆ ಜಾರಿತು. ಬೆನ್ನ ಕೆಳಗಿನ ಬಿಳಿ ಹಾಸಿನ ಮೇಲೆ ಅಂಗೈ ಅಗಲದ ಒದ್ದೆ, ನಡುವೆ ಕೆಂಪು. ಸೆಂಟಿನ ವಾಸನೆಯನ್ನು ಸೀಳಿಕೊಂಡು ಹುಣ್ಣಿನ ವಾಸನೆ ಎದ್ದಿತು. ಹುಣಸೆ ಬೀಜದಷ್ಟಕ್ಕೆ ಬಂದದ್ದು ಮತ್ತೆ ಬಾಯಿ ಬಿಟ್ಟಿತ್ತು. ಅಧಿಕಾರಿ ಮುಖ ತಿರುಗಿಸಿದರು. ಕೈ ಮಾತ್ರ ಬಿಡಲಿಲ್ಲ.

ಟೀಚರಮ್ಮ ಉದ್ದಕ್ಕೆ ಉಸಿರು ಬಿಟ್ಟರು.

ಪಿನ್ನಕ್ಕ ಕೋಟಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದಳು. ಕೋಟು ತೆರೆದುಕೊಂಡು ಒಳಗಿನ ಹಳೇ ಸೀರೆ ಕಂಡಿತು. ಒಂದು ಪಿನ್ನನ್ನು ಹೊದಿಕೆಯ ಎಡ ಅಂಚಿಗೆ ಚುಚ್ಚಿದಳು.

ಆಗ ಕಾರಿಡಾರಿನ ಕೊನೆಯಿಂದ ಧಬಧಬ ಸದ್ದು ಬಂತು. ಬಟ್ಟೆ ಕೋಣೆಯ ಬಾಗಿಲು.

“ಅತ್ತಿಗೇ!” ನಾದಿನಿಯ ದನಿ. ಇಷ್ಟು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. “ಹನ್ನೊಂದಾಯ್ತು ಕಣೇ! ಈ ಇಕ್ಕಟ್ಟಲ್ಲಿ ಗುಂಡಜ್ಜಿನ ಒಬ್ಬಳೇ ಎತ್ತಕ್ಕೆ ಆಗ್ತಿಲ್ಲ! ಚಿಲಕ ತೆಗೀರೋ ಹಲ್ಕಾ ನನ್ ಮಕ್ಕಳಾ!”

“ಒಳಗೆ ಯಾರು?” ಎಂದರು ಅಧಿಕಾರಿ.

“ಬಟ್ಟೆ,” ಎಂದಳು ಪಿನ್ನಕ್ಕ, ಕೋಟು ಕಳಚಿ ಮಂಚದ ಕಂಬಿಗೆ ನೇತುಹಾಕುತ್ತ. “ಹದಿನೇಳು, ಹದಿನೆಂಟು. ಮತ್ತೆ ನಮ್ಮ ನಾದಿನಿ.”

ಅವಳು ಕಾರಿಡಾರಿಗೆ ಬರುವಷ್ಟರಲ್ಲಿ ಮ್ಯಾನೇಜರ್ ಓಡಿಹೋಗಿ ಬಟ್ಟೆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಒಳಗಿನ ಒಂದೊಂದು ಗುದ್ದಿಗೂ ಅವನ ಭುಜ ಅದುರುತ್ತಿತ್ತು.

“ಮುಗೀತು ನಿಮ್ಮಿಬ್ಬರ ಕಥೆ,” ಎಂದ ಹಲ್ಲು ಕಡಿದು. “ನಾಳೆ ಈ ಗೇಟೊಳಗೆ ಕಾಲಿಟ್ರೆ ಕಾಲು ಮುರೀತೀನಿ.”

“ನಾಳೇದು ನಾಳೆಗಾಯ್ತು.” ಪಿನ್ನಕ್ಕ ಅವನ ಎದುರು ಬಂದು ನಿಂತಳು. ಹಿಡಿಯಲ್ಲಿ ಉಳಿದ ಪಿನ್ನುಗಳಿದ್ದವು. ಹಿಂದೆ ಅಧಿಕಾರಿಯ ಚಪ್ಪಲಿಯ ಸದ್ದು ಬರುತ್ತಿತ್ತು. ತನ್ನ ಕಡೆಗೋ, ಹೊರಬಾಗಿಲ ಕಡೆಗೋ, ಅವಳು ತಿರುಗಿ ನೋಡಲಿಲ್ಲ. “ಈಗ ಹನ್ನೊಂದೂಕಾಲು. ಒಂದೇ ಕಡೆ ಬೆನ್ನು ಕೊಟ್ಕೊಂಡಿದ್ರೆ ನಿಮಗೂ ಹುಣ್ಣಾಗುತ್ತೆ ಸಾರ್. ಮಗ್ಗುಲಿಗೆ ಸರೀರಿ.”

ಅವನು ಸರಿಯಲಿಲ್ಲ. ಪಿನ್ನಕ್ಕ ಪಿನ್ನುಗಳನ್ನು ಸೆರಗಿಗೆ ಸಿಕ್ಕಿಸಿ, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಒಂದನ್ನು ಅವನ ಭುಜಕ್ಕೂ ಇನ್ನೊಂದನ್ನು ಸೊಂಟಕ್ಕೂ ಕೊಟ್ಟಳು.

“ಒಂದು,” ಎಂದಳು. “ಎರಡು.”