ಜೋಪಾನವಾಗಿಟ್ಟ ಕತ್ತರಿ

ಕತ್ತರಿ ಕಳೆದಿತ್ತು. ಈ ವರ್ಷಕ್ಕೆ ಇದು ಮೂರನೆಯದು.

"ಜೋಪಾನವಾಗಿ ಇಟ್ಟಿದ್ದೆ ಅತ್ತೆ!" ಎಂದಳು ಸೊಸೆ, ಸೊಂಟದವರೆಗೂ ಕಬೋರ್ಡಿನೊಳಗೆ ತೂರಿಕೊಂಡು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು ಅವಳು.

"ಹಾಗಾದ್ರೆ ಸಿಕ್ಕ ಹಾಗೇ!" ಎಂದರು ಅತ್ತೆ. ಆ ಮನೆಯಲ್ಲಿ 'ಜೋಪಾನ' ಎಂದರೆ ಕಾಣೆಯಾಯಿತು ಎಂದೇ ಅರ್ಥ. ಹೋದ ವಾರ ಡಾಕ್ಟರು ಬರೆದುಕೊಟ್ಟ ಚೀಟಿ ಜೋಪಾನ. ಎರಡನೇ ಬೀಗದ ಕೈಯಂತೂ ಮದುವೆಯಾದ ವರ್ಷದಿಂದ ಜೋಪಾನ.

ಹಲ್ಲಿನ ಸೆಟ್ಟು ಕಳೆದ ಮೇಲೆ ಅತ್ತೆಯ ಬಾಯಿ ಬೊಚ್ಚಾಗಿತ್ತು, ಮೊಂಡಾಗಿರಲಿಲ್ಲ. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಸೊಸೆಯನ್ನು ಅಣಕಿಸಿದರು: "ಅಯ್ಯೋ ಕತ್ತರಿ... ಅರೆ, ಈ ಗುಂಡಿ ಎಷ್ಟು ಚೆಂದ... ಒಲೆ ಮೇಲೆ ಹಾಲಿಟ್ಟಿದ್ದೆ ಅಲ್ವಾ... ಅದ್ಸರಿ, ನಾನು ಏನು ಹುಡುಕ್ತಿದ್ದೆ?"

ಸೊಸೆಗೂ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. ಶಾಲೆಯ ನಾಟಕಕ್ಕೆ ಇಪ್ಪತ್ತು ಚಿಟ್ಟೆ ವೇಷ ಹೊಲಿಯಬೇಕು. ಉಳಿದಿರುವುದು ಹತ್ತೇ ದಿನ. "ಈ ಸಲವೂ ತಡವಾದ್ರೆ ಮಿಷನ್ ಮಾರಿಬಿಡ್ತೀನಿ ಅತ್ತೆ. ನನ್ನ ಕೈಲಾಗಲ್ಲ."

ಅಷ್ಟರಲ್ಲಿ ಬಂದರು ಆರೋಗ್ಯ ಕೇಂದ್ರದ ನರ್ಸಕ್ಕ. ಸೊಸೆಯನ್ನು ಡಾಕ್ಟರ ಬಳಿ ಕಳಿಸಿದವರೂ ಅವರೇ.

"ಏನಂದ್ರು ಡಾಕ್ಟರು?"

"ಎ.ಡಿ.ಎಚ್.ಡಿ. ಅಂತೆ ಅಕ್ಕ."

ಅತ್ತೆ ಬೆರಳು ಮಡಿಸಿದರು. "ಎ ಅಂದ್ರೆ ಎಲ್ಲಾ, ಡಿ ಅಂದ್ರೆ ಡಬ್ಬಿ, ಎಚ್ ಅಂದ್ರೆ ಹುಡುಕೋ, ಡಿ ಅಂದ್ರೆ ಡ್ಯೂಟಿ. ಎಲ್ಲಾ ಡಬ್ಬಿ ಹುಡುಕೋ ಡ್ಯೂಟಿ! ಸೋಮಾರಿತನಕ್ಕೂ ಇಂಗ್ಲಿಷಲ್ಲಿ ಹೆಸರಿಟ್ರಾ?"

ನರ್ಸಕ್ಕ ನಕ್ಕರು, ಆದರೆ ಬಿಡಲಿಲ್ಲ. "ಸೋಮಾರಿ ಆದೋಳು ಬೆಳಗ್ಗೆಯಿಂದ ಹೀಗೆ ಹುಡುಕ್ತಾಳಾ ಅಮ್ಮ? ಇದು ಮಿದುಳು ಕೆಲಸ ಮಾಡೋ ರೀತಿ, ಗಮನ ಒಂದೇ ಕಡೆ ನಿಲ್ಲಲ್ಲ. ಚಿಕ್ಕಂದಿನಿಂದಲೇ ಇರುತ್ತೆ. ಹುಡುಗ ಬೆಂಚು ಹತ್ತಿ ಕುಣಿದ್ರೆ ಮೇಷ್ಟ್ರ ಕಣ್ಣಿಗೆ ಬೀಳ್ತಾನೆ. ಹುಡುಗಿ ಕಿಟಕಿ ಆಚೆ ನೋಡ್ತಾ ಕೂತ್ರೆ 'ಪಾಪ, ಸಾಧು' ಅಂತ ಬಿಟ್ಟುಬಿಡ್ತೀವಿ. ದೊಡ್ಡೋಳಾದ್ಮೇಲೆ ಅವಳನ್ನೇ 'ಬೇಜವಾಬ್ದಾರಿ' ಅಂತೀವಿ."

"ನಾನೂ ಮರೀತೀನಪ್ಪ. ನನಗೂ ಅದೇನಾ?"

"ಎಲ್ಲರೂ ಒಮ್ಮೊಮ್ಮೆ ಮರೀತಾರೆ. ಇವರಿಗೆ ದಿನಾ ಹೀಗೇ, ಕೆಲಸವೇ ನಿಂತುಹೋಗೋವಷ್ಟು. ಯಾವುದು ಏನು ಅಂತ ಹೇಳಬೇಕಾದೋರು ಡಾಕ್ಟರು. ನಾನೂ ಅಲ್ಲ, ನೀವೂ ಅಲ್ಲ."

ನರ್ಸಕ್ಕ ಕಬೋರ್ಡಿನ ಮುಂದೆ ನಿಂತರು. ಅದು ಸೊಸೆಗೆ ಬಡಗಿಯಾದ ಗಂಡ ಪ್ರೀತಿಯಿಂದ ಮಾಡಿಕೊಟ್ಟದ್ದು. ಆರು ಬಾಗಿಲು, ಆರಕ್ಕೂ ಕನ್ನಡಿಯಂಥ ಪಾಲಿಶು.

"ಕಳ್ಳ ಇಲ್ಲೇ ಇದಾನೆ. ಇವರಿಗೆ ಮರೆಯಾದದ್ದು ಮರೆತೇ ಹೋಗುತ್ತೆ. ಈ ಬಾಗಿಲು ತೆಗೀರಿ."

"ತೆಗೆದೇ ಇದೆಯಲ್ಲ?" ಎಂದ ಅಲ್ಲೇ ನಿಂತಿದ್ದ ಗಂಡ.

"ಹಾಗಲ್ಲಪ್ಪ. ಸ್ಕ್ರೂ ಬಿಚ್ಚಿ ತೆಗೀರಿ."

ಬಡಗಿಯ ಮುಖ ಹಲಗೆಯಾಯಿತು. "ನೋಡಿದೋರು ಏನಂತಾರೆ?" ಎಂದರು ಅತ್ತೆ.

"ನೋಡೋರು ಬರೋದು ಅಪರೂಪಕ್ಕೆ ಅಮ್ಮ. ಹುಡುಕೋಳು ದಿನಾ ಇಲ್ಲೇ ಇರ್ತಾಳೆ."

ಗಂಡ ಒಮ್ಮೆ ಹೆಂಡತಿಯ ಕೆಂಪಾದ ಕಣ್ಣು ನೋಡಿದ. ಹೋಗಿ ಸ್ಕ್ರೂಡ್ರೈವರ್ ತಂದ.

ಮೊದಲ ಬಾಗಿಲು ಕಳಚಿದಾಗ ಎರಡು ಕತ್ತರಿ ಸಿಕ್ಕವು. ಮೂರನೆಯದರ ಹಿಂದೆ ಇನ್ನೊಂದಿತ್ತು, ಡಾಕ್ಟರ ಚೀಟಿ ಹೊದ್ದುಕೊಂಡು. ಐದನೆಯದರ ಹಿಂದೆ ಅತ್ತೆಯ ಹಲ್ಲಿನ ಸೆಟ್ಟು! ಸೊಸೆಯೇ ಎಲ್ಲೋ ಎಸೆದಳು ಎಂದು ಆರು ತಿಂಗಳು ಬೀದಿಗೆಲ್ಲ ಸಾರಿದ್ದ ಸೆಟ್ಟು ಅದು. ಅತ್ತೆಯದೇ ಕರವಸ್ತ್ರ, ಅತ್ತೆಯೇ ಹಾಕಿದ ಗಂಟು.

ಸೊಸೆ ಥೇಟ್ ಅತ್ತೆಯ ದನಿ ತೆಗೆದಳು: "ಜೋಪಾನವಾಗಿ ಇಟ್ಟಿದ್ರಾ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ಹಲ್ಲು ಬಿಟ್ಟು ನಗೋಣವೆಂದರೆ ಹಲ್ಲು ಇನ್ನೂ ಕೈಯಲ್ಲೇ ಇತ್ತು.

ಅಂದಿನಿಂದ ಕತ್ತರಿಗೆ ದಾರ ಕಟ್ಟಿ ಮಿಷನ್ನಿಗೇ ನೇತುಹಾಕಿದರು. ಡಬ್ಬಿಗಳ ಮುಚ್ಚಳ ಹೋದವು. ಗುಂಡಿಯ ಡಬ್ಬಿಗೆ ಹೊರಗೊಂದು ಗುಂಡಿ, ದಾರದ ಡಬ್ಬಿಗೆ ಒಂದೆಳೆ ದಾರ ಅಂಟಿಸಿದರು. ಬಂದವಳೇ ಬೀಗದ ಕೈ ಎಸೆಯುತ್ತಿದ್ದ ಜಾಗದಲ್ಲೇ ಒಂದು ಬುಟ್ಟಿ ಕೂತಿತು. "ಕೈ ಎಲ್ಲಿ ಬಿಡುತ್ತೋ ಅಲ್ಲೇ ವಸ್ತುವಿನ ಮನೆ," ಎಂದಿದ್ದರು ನರ್ಸಕ್ಕ. ಡಾಕ್ಟರು ಬರೆದ ಮಾತ್ರೆ ನೀರಿನ ಲೋಟದ ಪಕ್ಕಕ್ಕೆ ಬಂತು. ಗೋಡೆಯ ಹಲಗೆಯ ಮೇಲೆ ದಿನಕ್ಕೆ ಮೂರೇ ಕೆಲಸ ಬರೆಯುವುದು, ನಾಲ್ಕನೆಯದು ನಾಳೆಗೆ.

ಒಬ್ಬಳೇ ಕೂತರೆ ಮನಸ್ಸು ಹಾರುತ್ತದೆ ಎಂದು ಅತ್ತೆಯೂ ಪಕ್ಕದಲ್ಲಿ ಗುಂಡಿ ಹೊಲಿಯುತ್ತಾ ಕೂತರು. ಫೋನಿನ ಅಲಾರ್ಮಿಗೂ ಅವರದೇ ದನಿ: "ಏ ಚಿಟ್ಟೆ, ಹೂವು ಬದಲಾಯಿಸ್ಬೇಡ! ಕೈಯಲ್ಲಿರೋದು ಮುಗಿಸು!"

ನಡುವೆ ಒಂದು ದಿನ ಎಲ್ಲ ಅಸ್ತವ್ಯಸ್ತವಾಯಿತು. ಸೊಸೆ ರೆಕ್ಕೆ ಬಿಟ್ಟು ಕಿಟಕಿ ತೊಳೆಯುತ್ತಾ ಕೂತಿದ್ದಳು. ಅತ್ತೆ ಬೈಯಲಿಲ್ಲ, ಕತ್ತರಿಯ ದಾರ ಎಳೆದು ತೋರಿಸಿದರು ಅಷ್ಟೇ.

ಒಂಬತ್ತನೇ ದಿನ ಹಗ್ಗದ ಮೇಲೆ ಇಪ್ಪತ್ತು ಜೊತೆ ರೆಕ್ಕೆ ತೂಗುತ್ತಿದ್ದವು. ಕಳಚಿದ ಬಾಗಿಲುಗಳಿಂದ ಗಂಡ ಬಟ್ಟೆ ಕತ್ತರಿಸಲು ಮೇಜು ಮಾಡಿದ್ದ. ಅದರ ಮೇಲೆ ಮುಂದಿನ ಆರ್ಡರಿನ ಬಟ್ಟೆ ಹರಡಿತ್ತು, ಮಿಷನ್ ಮಾರುವ ಮಾತಿಗೆ ಜಾಗವೇ ಇರಲಿಲ್ಲ.

ವೇಷ ಒಯ್ಯಲು ಬಂದ ಶಾಲೆಯ ಟೀಚರಿಗೆ ಅತ್ತೆ ಹಲ್ಲು ತುಂಬಿದ ಬಾಯಲ್ಲಿ ಹೇಳಿದರು: "ಎ.ಡಿ.ಎಚ್.ಡಿ. ಗೊತ್ತಾ ನಿಮಗೆ? ಎಲ್ಲಾ ಡಬ್ಬಿ ಹೊರಗಿಡಿ!"

ಅಕ್ಕಂದಿರೇ, ತಂಗಿಯರೇ, ಇದನ್ನು ಓದುತ್ತಿರುವ ಅತ್ತೆಯರೇ, ನಿಮ್ಮ ಮನೆಯಲ್ಲೂ ಹೀಗೊಬ್ಬಳು ದಿನವಿಡೀ ಹುಡುಕುತ್ತಾ, ದಿನವಿಡೀ ತನ್ನನ್ನೇ ಹಳಿದುಕೊಳ್ಳುತ್ತಾ ಇದ್ದರೆ ಡಾಕ್ಟರ ಬಳಿ ಒಮ್ಮೆ ಕರೆದುಕೊಂಡು ಹೋಗಿ. ಬಂದ ಮೇಲೆ ಅವಳ ವಸ್ತುಗಳನ್ನು ಕಣ್ಣೆದುರಿಗೆ ಇಡಿ, ಪಕ್ಕದಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಬೀಗ ಹಾಕಲೇಬೇಕೆಂದರೆ ಬೈಗುಳಕ್ಕೆ ಹಾಕಿ, ಕಬೋರ್ಡಿಗೆ ಬೇಡ.