ಪುಡಿ ವಾಪಸ್ ಕೇಳಿದವಳು

“ತಡೀರಪ್ಪ, ತಡೀರಿ! ಅದರ ಮೇಲೆ ಕಾಲಿಡಬೇಡಿ!”

ಚಿಕ್ಕಕ್ಕ ನೆಲದ ತುಂಬ ಹರಡಿದ್ದ ಪುದೀನ ಸೊಪ್ಪನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಚೀಲಕ್ಕೆ ತುಂಬುತ್ತಿದ್ದಳು. ಅವಳ ಅಕ್ಕನ ದೇಹವನ್ನು ಮಂಚದ ಸಮೇತ ಎತ್ತಿಕೊಂಡು ಬಂದ ಗಂಡಸರು ಒಳಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು.

“ಚಿಕ್ಕಕ್ಕ, ಕೈ ಬಿದ್ದುಹೋಗ್ತಾ ಇದೆ,” ಎಂದ ಬೀಗ ರಿಪೇರಿಯವನು. ಪಕ್ಕದ ಅಂಗಡಿ ಅವನದು.

“ಸ್ವಲ್ಪ ತಡ್ಕೋ. ನೆನ್ನೆ ಅವಳೇ ಹರಡಿದ್ದು. ತುಳಿದ್ರೆ ಎದ್ದು ಕೂತು ಬೈತಾಳೆ.”

ಬಾಗಿಲ ಹೊರಗೆ ಕಣ್ಣೊರೆಸಿಕೊಳ್ಳುತ್ತಿದ್ದವರಲ್ಲಿ ಯಾರಿಗೋ ತಡೆಯಲಾರದೆ ನಗು ಬಂತು.

ಮಂಚ ಇಳಿಯಿತು. ಬೀದಿಗೆ ತೆರೆದುಕೊಳ್ಳುವ ಆ ಕೋಣೆಯೇ ಅಕ್ಕತಂಗಿಯರ ಅಂಗಡಿ. ಮೂರು ಗೋಡೆಗೂ ಹಲಗೆ, ಹಲಗೆಯ ತುಂಬ ಗಾಜಿನ ಭರಣಿ: ಒಣಶುಂಠಿ, ಜೇಷ್ಠಮಧು, ಸೋಂಪು, ಕರಿಮೆಣಸು, ತಳದಲ್ಲಿ ಹರಳೆಣ್ಣೆಯ ಡಬ್ಬಿಗಳು. ಮೂಲೆಯಲ್ಲಿ ಕಬ್ಬಿಣದ ಕುಟ್ಟಾಣಿ. ಕೊನೆಯ ಸಲ ಮುಖ ನೋಡಲು ಬಗ್ಗಿದವರೆಲ್ಲ ಮೆಣಸಿನ ಧೂಳಿಗೆ ಒಂದು ಸೀನು ಸೀನಿಯೇ ಮೇಲೇಳುತ್ತಿದ್ದರು. ಯಾರೂ ತಪ್ಪು ತಿಳಿಯಲಿಲ್ಲ. ಆ ಅಂಗಡಿಗೆ ಬಂದವರು ಸೀನದೆ ಹೋದದ್ದೇ ಇಲ್ಲ.

ಬೀದಿಯವರು ಸತ್ತ ಅಕ್ಕನನ್ನು ಕಹಿಯಕ್ಕ ಎನ್ನುತ್ತಿದ್ದರು. ಅವಳ ಕಷಾಯ ಕಹಿ, ಮಾತು ಅದಕ್ಕಿಂತ ಕಹಿ. ಕೌಂಟರಿನಲ್ಲಿ ಪೊಟ್ಟಣ ಕಟ್ಟುವ ತಂಗಿ ಎಲ್ಲರಿಗೂ ಚಿಕ್ಕಕ್ಕ. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಾಯಿಯ ಈ ಅಂಗಡಿಗೆ ಮರಳಿದ್ದಳು. ತಂಗಿ ಇಲ್ಲಿಂದ ಎಲ್ಲೂ ಹೋಗಿರಲಿಲ್ಲ.

“ನಾನು ಗಂಟಲು ಕಟ್ಟಿದೆ ಅಂತ ಬಂದ್ರೆ, ಮೊದಲು ‘ಬಾಯಿ ಮುಚ್ಚು’ ಅಂತಿದ್ರು,” ಎಂದರು ಟೀಚರ್. ಬೀದಿಯ ಶಾಲೆಯಲ್ಲಿ ಪಾಠ ಮಾಡಿ ಮಾಡಿ ದನಿ ಒಡೆದುಕೊಂಡವರು. “ಆಮೇಲೆ ಜೇಷ್ಠಮಧು ಕೊಡೋರು. ಅದಕ್ಕೂ ಮುಂಚೆ, ಬಿಪಿ ಇದ್ಯಾ, ಯಾವ ಮಾತ್ರೆ ತಗೊಳ್ತೀಯ, ಪೊಲೀಸರ ಥರ ವಿಚಾರಣೆ. ಬಿಪಿ ಶುರುವಾಯ್ತು ನೋಡಿ, ಜೇಷ್ಠಮಧು ಬಂದ್. ಬಿಸಿನೀರು, ಉಪ್ಪು, ಮೌನ. ಅಷ್ಟೆ.”

“ನನಗೆ ಕುಕ್ಕರಿನ ಹಬೆ ಹೊಡೆದಾಗ ತಣ್ಣೀರ ನಲ್ಲಿ ಕೆಳಗೆ ಕೈ ಹಿಡಿಸಿ ನಿಲ್ಸಿದ್ರು,” ಎಂದಳು ಇಸ್ತ್ರಿ ಅಂಗಡಿಯವಳು. “ಸಾಕು ಅಂದ್ರೂ ಬಿಡಲಿಲ್ಲ. ಲೋಳೆಸರ ಆಮೇಲೆ. ಒಂದು ಕಲೆಯೂ ಉಳಿಲಿಲ್ಲ, ನೋಡಿ.”

ಬೀಗ ರಿಪೇರಿಯವನು ಚಿಕ್ಕಕ್ಕನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದ. “ಅಂಗಡಿ ಮುಂದೆ ಹೇಗೆ?”

“ಗೊತ್ತಿಲ್ಲಪ್ಪ. ನಂಗೆ ಪೊಟ್ಟಣ ಕಟ್ಟೋಕೆ ಬರುತ್ತೆ. ಯಾವುದಕ್ಕೆ ಯಾವ ಬೇರು ಅಂತ ಹೇಳೋಕೂ ಬರುತ್ತೆ.” ಅವಳು ಅಕ್ಕನ ಮೇಲಿನ ಹೊದಿಕೆಯ ಅಂಚು ಸರಿಮಾಡಿದಳು. “‘ಕೊಡಲ್ಲ, ಹೋಗು’ ಅನ್ನೋಕೆ ಮಾತ್ರ ಅವಳಿಗೇ ಬರ್ತಿದ್ದಿದ್ದು.”

*

ಅದನ್ನು ಅಕ್ಕ ಕಲಿತದ್ದು ಒಂದು ಪುಡಿಯ ದೆಸೆಯಿಂದ.

ಎಷ್ಟೋ ವರ್ಷಗಳ ಹಿಂದೆ ಸಗಟು ಮಾರುವವನೊಬ್ಬ ವ್ಯಾನಿನಲ್ಲಿ ಬಂದಿದ್ದ. ಮಾತು ಬೆಣ್ಣೆ. ಮಂಡಿನೋವಿಗೆ ಹೊಸ ಪುಡಿ, ಬರೀ ಬೇರು, ಬೇರೇನೂ ಇಲ್ಲ ಎಂದ. ಅಕ್ಕತಂಗಿಯರು ಕಾಯಿಸುತ್ತಿದ್ದ ಎಣ್ಣೆ ತಿಂಗಳುಗಟ್ಟಲೆ ತಿಕ್ಕಿದರೆ ಅಷ್ಟಿಷ್ಟು ಹಿತ ಕೊಡುತ್ತಿತ್ತು. ಈ ಪುಡಿ ಹಾಗಲ್ಲ. ಮಂಡಿ ಹಿಡಿದುಕೊಂಡು ಮನೆಯಲ್ಲಿ ಮಲಗಿದ್ದ ಗಾರೆ ಮೇಸ್ತ್ರಿ ವಾರ ತುಂಬುವ ಮೊದಲೇ ಕಟ್ಟಡದ ಸಾರವೆ ಹತ್ತಿ, ಮೇಲಿನಿಂದ ಬೀದಿಗೆಲ್ಲ ಕೇಳುವಂತೆ ಕೂಗಿದ: “ಕಹಿಯಕ್ಕಾ, ನೋಡಿಲ್ಲಿ, ಹುಡುಗನಾಗಿಬಿಟ್ಟೆ!”

ಅಂಗಡಿಯ ಮುಂದೆ ಸಾಲು ನಿಂತಿತು. ಚಿಕ್ಕಕ್ಕನಿಗೆ ಊಟಕ್ಕೂ ಬಿಡುವಿಲ್ಲ. ಅವಳಿಗೆ ಖುಷಿಯೋ ಖುಷಿ. ಅಕ್ಕ ಮಾತ್ರ ಆ ಡಬ್ಬಿಯ ಕಡೆ ಮನೆಗೆ ಬಂದ ಅಪರಿಚಿತನನ್ನು ನೋಡಿದಂತೆ ನೋಡುತ್ತಿದ್ದಳು.

“ಬೇರು ಓಡಲ್ಲ ಕಣೇ, ನಡೆಯುತ್ತೆ,” ಎಂದಳು ಒಂದು ದಿನ. “ಇದು ಓಡ್ತಾ ಇದೆ.”

“ಜನಕ್ಕೆ ನೋವು ಹೋಯ್ತಲ್ಲ, ಅದಕ್ಕೂ ನಿನಗೆ ಹೊಟ್ಟೆಯುರಿನಾ?” ಎಂದು ತಂಗಿ ನಕ್ಕಳು.

ಆಮೇಲೆ, ಅದೇ ಪುಡಿ ತಿನ್ನುತ್ತಿದ್ದ ಇಸ್ತ್ರಿ ಅಂಗಡಿಯವಳ ಮುಖ ಊದತೊಡಗಿತು. ಕೆನ್ನೆ ದುಂಡಗಾಗಿ ಕಣ್ಣು ಚಿಕ್ಕವಾದವು. ಮೇಜಿನ ಅಂಚು ತಾಕಿದರೂ ತೋಳು ನೀಲಿಗಟ್ಟುತ್ತಿತ್ತು. ಅವಳು ಉಂಡದ್ದು ಮೈಗೆ ಹಿಡಿದಿದೆ ಎಂದುಕೊಂಡಿದ್ದಳು. ಅಕ್ಕ ಹಾಗೆಂದುಕೊಳ್ಳಲಿಲ್ಲ. ಅವಳನ್ನೂ ಪುಡಿಯ ಒಂದು ಪೊಟ್ಟಣವನ್ನೂ ಜೊತೆಗಿಟ್ಟುಕೊಂಡು ಬೀದಿಯ ಕೊನೆಯ ಆಸ್ಪತ್ರೆಗೆ ಹೋದಳು. ಅಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಡಾಕ್ಟರಮ್ಮ ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಬೇರಿನ ಜೊತೆ ಸ್ಟೀರಾಯ್ಡ್ ಮಾತ್ರೆಯನ್ನು ಅರೆದು ಬೆರೆಸಿದ್ದಾರೆ ಎಂದು ಉತ್ತರ ಬಂತು.

“ಇವತ್ತೇ ಎಲ್ಲಾ ಸುಟ್ಟುಹಾಕ್ತೀನಿ,” ಎಂದಳು ಅಕ್ಕ.

“ಅಂಗಡೀಲಿರೋದನ್ನ ನಮಗೆ ಕೊಡಿ. ಆದ್ರೆ ತಗೊಂಡವರ ಕತೆ ಅಷ್ಟು ಸುಲಭ ಅಲ್ಲ,” ಎಂದರು ಡಾಕ್ಟರಮ್ಮ. “ಅವರ ಮೈ ಇದಕ್ಕೆ ಒಗ್ಗಿಹೋಗಿದೆ. ಒಮ್ಮೆಗೇ ಬಿಟ್ರೆ ಜೀವಕ್ಕೇ ಕುತ್ತು. ಒಬ್ಬೊಬ್ಬರನ್ನೂ ನೋಡಿ, ನಿಧಾನಕ್ಕೆ ಇಳಿಸ್ಬೇಕು.”

ಅಕ್ಕ, “ಹಾಗಾದ್ರೆ ಕರ್ಕೊಂಡು ಬರ್ತೀನಿ. ನೀವು ಬೈಬಾರದು ಅವರಿಗೆ. ಬೈಯೋದಿದ್ರೆ ನನಗೆ ಬೈರಿ,” ಎಂದಳು.

*

ಮಧ್ಯಾಹ್ನದ ಹೊತ್ತಿಗೆ ಬಾಗಿಲ ಹತ್ತಿರದ ಮಾತು ಇದ್ದಕ್ಕಿದ್ದಂತೆ ನಿಂತಿತು. ಗಾರೆ ಮೇಸ್ತ್ರಿ ಬಂದಿದ್ದ. ಕೋಲೂರಿಕೊಂಡು ಮೆಟ್ಟಿಲ ಕೆಳಗೇ ನಿಂತಿದ್ದ. ಆ ಪುಡಿಯ ಪ್ರಕರಣದ ನಂತರ ಅವನು ಈ ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ. ಅಕ್ಕ ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ.

ಚಿಕ್ಕಕ್ಕ ಕೆಳಗಿಳಿದು ಬಂದಳು. “ಬಾ ಅಣ್ಣ, ಒಳಗೆ ಬಾ.”

“ನಾನು ಬಂದ್ರೆ ಅವಳಿಗೆ ಸರಿಹೋಗುತ್ತೋ ಇಲ್ವೋ.”

“ನಿನ್ನ ಕಂಡ್ರೆ ಅವಳಿಗೆ ಸಿಟ್ಟಿರಲಿಲ್ಲ.”

“ಅದು ಗೊತ್ತು. ಅದಕ್ಕೇ ನಾಚಿಕೆ.” ಅವನು ಒಳಗೆ ನೋಡದೆ ಕೇಳಿದ. “ಯಾವತ್ತಾದ್ರೂ ಬಂದು ಮುಂದೆ ನಿಂತಿದ್ರೆ ಏನಂತಿದ್ಲು?”

“ಏನಂತಿದ್ಲು? ‘ಶುಗರ್ ಚೆಕ್ ಮಾಡಿಸಿದ್ಯಾ?’ ಅಂತಿದ್ಲು.”

ಮೇಸ್ತ್ರಿ ನಗಲು ಹೋದ. ನಗು ಅರ್ಧಕ್ಕೆ ತುಂಡಾಗಿ ಅಳುವಾಯಿತು. ಬೀಗ ರಿಪೇರಿಯವನು ತೋಳು ಹಿಡಿದು ಅವನನ್ನು ಮೆಟ್ಟಿಲು ಹತ್ತಿಸಿದ.

*

ಆ ದಿನಗಳಲ್ಲಿ ಅಕ್ಕತಂಗಿಯರ ನಡುವೆ ಸೂರು ಹಾರಿಹೋಗುವಂಥ ಜಗಳವಾಗಿತ್ತು.

“ಮಾರೋದು ನಿಲ್ಸು, ಸಾಕು,” ಎಂದಿದ್ದಳು ಚಿಕ್ಕಕ್ಕ. “ಮನೆಮನೆಗೆ ಹೋಗಿ ನಾವೇ ವಿಷ ಕೊಟ್ವಿ ಅಂತ ಡಂಗುರ ಹೊಡೀಬೇಕಾ? ಮೋಸ ಮಾಡಿದೋನು ವ್ಯಾನಿನವನು!”

“ಅವನು ಯಾರು ಅಂತ ಅವರಿಗೆ ಗೊತ್ತಾ? ಅವರು ನನ್ನ ಮುಖ ನೋಡಿ ತಿಂದಿದ್ದು.”

ಅಕ್ಕ ಕೈಚೀಲ ಹಿಡಿದು ಹೊರಟಳು. ಪ್ರತಿ ಬಾಗಿಲಲ್ಲೂ ಒಂದೇ ಮಾತು. ನಾನು ಕೊಟ್ಟ ಪುಡಿ ಸರಿಯಿಲ್ಲ, ನನಗೆ ತಿಳೀಲಿಲ್ಲ, ಉಳಿದದ್ದನ್ನ ತಗೊಂಡು ಈಗಲೇ ನನ್ನ ಜೊತೆ ಆಸ್ಪತ್ರೆಗೆ ಬನ್ನಿ, ಡಾಕ್ಟರಮ್ಮ ಹೇಳೋ ತನಕ ನೀವಾಗಿ ನಿಲ್ಲಿಸಬೇಡಿ. ಕೆಲವರು ಬಂದರು. ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು. ಅವರ ಬಾಗಿಲನ್ನು ಮರುದಿನ ಮತ್ತೆ ತಟ್ಟಿದಳು. ನೋವು ಹೋದದ್ದು ಎಲ್ಲರಿಗೂ ಕಂಡಿತ್ತು, ಅಪಾಯ ಯಾರಿಗೂ ಕಂಡಿರಲಿಲ್ಲ. ಬೈಯುವುದಷ್ಟೇ ಗೊತ್ತಿದ್ದವಳು ಆ ಮಳೆಗಾಲವೆಲ್ಲ ತಲೆತಗ್ಗಿಸಿ ಬೈಗುಳ ತಿಂದಳು.

ಮೇಸ್ತ್ರಿ ಮಾತ್ರ ಜಗ್ಗಲಿಲ್ಲ. “ನನ್ನ ಮಂಡಿ ನಿನ್ನಪ್ಪನದಾ?” ಎಂದು ಕೂಗಾಡಿದ. “ಇದನ್ನ ಬಿಟ್ರೆ ನಾನು ಸಾರವೆ ಹತ್ತೋದು ಹೇಗೆ? ಹೆಂಡ್ತಿ ಮಕ್ಕಳಿಗೆ ನೀನು ಗಾರೆ ಕಲಸಿ ಹಾಕ್ತೀಯಾ?”

ಅಕ್ಕ ಅವನ ಮನೆಯ ಮೆಟ್ಟಿಲ ಮೇಲೆ ಕೂತಳು. ಅವನು ಅವಳನ್ನು ದಾಟಿಕೊಂಡು ಕೆಲಸಕ್ಕೆ ಹೋದ. ಸಂಜೆ ಬಂದಾಗಲೂ ಅವಳು ಅಲ್ಲೇ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮತ್ತೆ ಅಲ್ಲೇ. ಮೇಸ್ತ್ರಿಯ ಹೆಂಡತಿ ಅವಳಿಗೆ ಕೊಡೆ ತಂದುಕೊಟ್ಟು ಗಂಡನನ್ನು ದುರುಗುಟ್ಟಿ ನೋಡಿದಳು.

ತಂಗಿ ನಾಚಿಕೆಯಿಂದ ಸಾಯುವಂತಾಗಿ ಕರೆಯಲು ಹೋದಳು. “ಏಳೇ, ಬೀದಿಯವರೆಲ್ಲ ನೋಡ್ತಿದ್ದಾರೆ.”

“ನೋಡ್ಲಿ. ನಾನು ಕೂತಿರೋದೇ ಅದಕ್ಕೆ.”

ಕೊನೆಗೆ ಮೇಸ್ತ್ರಿಯೇ ಸೋತ. “ಏಳು ತಾಯಿ, ಏಳು. ಬೀದೀಲಿ ತಲೆಯೆತ್ತೋ ಹಾಗಿಲ್ಲ ನಿನ್ನಿಂದ,” ಎಂದು ಪುಡಿಯ ಡಬ್ಬಿ ಹಿಡಿದು ಹೊರಟ. ಅಕ್ಕ ಅವನ ಹಿಂದೆಯೇ ನಡೆದಳು, ತಪ್ಪಿಸಿಕೊಂಡಾನು ಎಂಬ ಅನುಮಾನದಿಂದ. ಆಸ್ಪತ್ರೆಯಲ್ಲಿ ನೋಡಿದರೆ ಅವನ ರಕ್ತದಲ್ಲಿ ಸಕ್ಕರೆ ಮಿತಿಮೀರಿ ಏರಿತ್ತು. ಇನ್ನಷ್ಟು ದಿನ ತಿಂದಿದ್ದರೆ ಸಾರವೆಯ ಮೇಲೇ ಪ್ರಜ್ಞೆ ತಪ್ಪುತ್ತಿತ್ತು ಎಂದರು ಡಾಕ್ಟರಮ್ಮ. ಮಂಡಿನೋವು ಮರಳಿ ಬಂತು. ಮೇಸ್ತ್ರಿ ಕೆಳಗೆ ನಿಂತು ಕೆಲಸ ಮಾಡಿಸುವವನಾದ, ಕೋಲು ಹಿಡಿದ, ಮೊಮ್ಮಕ್ಕಳನ್ನು ಕಂಡ. ಅಕ್ಕನ ಜೊತೆ ಮಾತು ಬಿಟ್ಟ.

ಅಂಗಡಿ ಬಹಳ ದಿನ ಭಣಗುಟ್ಟಿತು. ಅಕ್ಕ ದಿನಾ ಬೆಳಿಗ್ಗೆ ಷಟರ್ ಎತ್ತಿ, ಭರಣಿ ಒರೆಸಿ, ಕೂತಿರುತ್ತಿದ್ದಳು. ಮೊದಲು ಮೆಟ್ಟಿಲು ಹತ್ತಿ ಬಂದವರು ಟೀಚರ್.

“ನನ್ನ ಹತ್ರ ಯಾಕೆ ಬಂದೆ? ಹೆದರಿಕೆ ಇಲ್ವಾ?” ಎಂದು ಅಕ್ಕ ಗದರಿದಳು.

“ತಪ್ಪಾಯ್ತು ಅಂತ ಬಾಗಿಲು ತಟ್ಟಿ ಹೇಳೋರು ಇನ್ನೆಲ್ಲಿ ಸಿಗ್ತಾರೆ?” ಎಂದರು ಟೀಚರ್, ಒಡೆದ ದನಿಯಲ್ಲಿ.

ಅಕ್ಕ ಭರಣಿ ಇಳಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು. ಅವಳು ಅತ್ತದ್ದನ್ನು ಚಿಕ್ಕಕ್ಕ ಕಂಡದ್ದು ಅದೊಂದೇ ಸಲ.

*

ಅಕ್ಕನ ದೇಹ ಎತ್ತುವ ಮುನ್ನ ಡಾಕ್ಟರಮ್ಮ ಬಂದರು. ಅವರಿಗೂ ಈಗ ಅರ್ಧ ತಲೆ ಬೆಳ್ಳಗಾಗಿತ್ತು. ಮಂಚದ ಪಕ್ಕ ನಿಂತು, “ಬಸುರಿಯಾಗಿದ್ದಾಗ ನಂಗೆ ಹೊಟ್ಟೇಲಿ ನೀರೂ ನಿಲ್ತಿರಲಿಲ್ಲ. ಶುಂಠಿ ನೀರು ಮಾಡಿ ವಾರ್ಡಿಗೇ ತಂದುಕೊಡೋರು,” ಎಂದರು. “ಇವರು ಯಾರನ್ನಾದ್ರೂ ಕಳಿಸಿದ್ರೆ ನಾವು ಕಾಯಿಸ್ತಿರಲಿಲ್ಲ. ಸುಮ್ಮನೆ ಕಳಿಸೋರಲ್ಲ ಅಂತ ಆಸ್ಪತ್ರೆ ಗೇಟಿನವನಿಗೂ ಗೊತ್ತಿತ್ತು.” ಆಮೇಲೆ ಅವರೂ ಸೀನಿದರು.

ಸ್ಮಶಾನ ದೂರವಿರಲಿಲ್ಲ. ಹೆಚ್ಚು ಮಾತಿಲ್ಲದೆ ಮಣ್ಣು ಮಾಡಿದರು. ಹಿಂದಿನ ದಿನ ಮಳೆ ಬಂದದ್ದರಿಂದ ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಚಿಕ್ಕಕ್ಕ ಚಪ್ಪಲಿಯನ್ನು ಅಲ್ಲೇ ಎಲ್ಲೋ ಬಿಟ್ಟು, ಮರೆತು, ಬರಿಗಾಲಲ್ಲಿ ಬೀಗ ರಿಪೇರಿಯವನ ಜೊತೆ ಮರಳಿ ಬಂದಳು.

ಅಂಗಡಿಯ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು.

“ಕಹಿಯಕ್ಕ ಅಂದ್ರೆ ನೀವೇನಾ? ಬಸ್ಸಿಳಿದು ಕೇಳ್ಕೊಂಡು ಬಂದೆ. ಮಗೂಗೆ ಕೆಮ್ಮು.”

“ಇವತ್ತು ಅಂಗಡಿ ಇಲ್ಲಮ್ಮ,” ಎಂದ ಬೀಗ ರಿಪೇರಿಯವನು ಮೆಲ್ಲಗೆ.

“ಏನಾದ್ರೂ ಸ್ವಲ್ಪ ಕೊಡಿ ಅಣ್ಣ. ಅಷ್ಟು ದೂರದಿಂದ ಬಂದಿದೀನಿ.”

ಚಿಕ್ಕಕ್ಕನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಷಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಹೋದಳು. ಅಭ್ಯಾಸದ ಕೈ ತಾನಾಗಿ ಭರಣಿಯ ಕಡೆ ಚಾಚಿತು. ಹೊರಗೆ ಮಗು ಕೆಮ್ಮಿತು. ಕೆಮ್ಮಿನ ಹಿಂದೆ ಸಣ್ಣಗೆ, ನರಳಿದಂಥ ಇನ್ನೊಂದು ಸದ್ದು. ಭರಣಿಯನ್ನು ಅಲ್ಲೇ ಬಿಟ್ಟು ಹೊರಬಂದು ಮಗುವಿನ ಅಂಗಿಯನ್ನು ಮೇಲೆತ್ತಿದಳು. ಒಂದೊಂದು ಉಸಿರಿಗೂ ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

“ಏಳು,” ಎಂದಳು.

“ಔಷಧಿ?”

“ಕೊಡಲ್ಲ! ಇದಕ್ಕೆ ಇಲ್ಲಿ ಔಷಧಿ ಇಲ್ಲ. ಮಗು ಉಸಿರಾಡೋಕೆ ಒದ್ದಾಡ್ತಾ ಇದೆ, ಮೆಟ್ಟಿಲ ಮೇಲೆ ಕೂತಿದ್ದಾಳೆ ಮಹಾರಾಯಿತಿ! ಕಣ್ಣೇನು ಮನೇಲಿ ಬಿಟ್ಟು ಬಂದಿದ್ಯಾ? ಏಳು ಅಂದೆ!”

ಬೀಗ ರಿಪೇರಿಯವನು ಬೆಚ್ಚಿಬಿದ್ದು ಅವಳ ಮುಖ ನೋಡಿದ. ಚಿಕ್ಕಕ್ಕ ಆಗಲೇ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೀದಿಗಿಳಿದಿದ್ದಳು. ಸ್ಮಶಾನದಿಂದ ಗುಂಪುಗುಂಪಾಗಿ ಮರಳುತ್ತಿದ್ದವರು ಆ ದನಿ ಕೇಳಿ ಮಾತು ನಿಲ್ಲಿಸಿದರು, ತಿರುಗಿ ನೋಡಿದರು, ಎರಡೂ ಬದಿಗೆ ಸರಿದು ನಿಂತರು. ನಡುವೆ ತೆರೆದುಕೊಂಡ ದಾರಿಯಲ್ಲಿ, ಹಿಂದೆ ಓಡಿಬರುತ್ತಿದ್ದ ತಾಯಿಯನ್ನು ಬೈಯುತ್ತ ಬೈಯುತ್ತ, ಬೆನ್ನು ಸವರಿ ಮಗುವನ್ನು ಸಮಾಧಾನ ಮಾಡುತ್ತ, ಅವಳು ಕೆಸರುಗಾಲಲ್ಲಿ ಆಸ್ಪತ್ರೆಯ ಕಡೆ ನಡೆದಳು. ಗೇಟಿನವನು ದೂರದಿಂದಲೇ ಕಂಡು, ಕೂತಿದ್ದ ಸ್ಟೂಲನ್ನು ಕಾಲಲ್ಲಿ ಸರಿಸಿ, ಗೇಟನ್ನು ಪೂರ್ತಿ ತೆರೆದು ಹಿಡಿದ.